ಜರ್ಮನಿಯಲ್ಲಿ ಎಂ.ಎಸ್: ಹುಡುಗರ ಗಮನಕ್ಕೆ

ಗೆಳೆಯರೇ, ಜರ್ಮನಿ ಬಗ್ಗೆ ಈ ಗುಂಪಿನಲ್ಲಿ ಕೇಳುವವರೆಲ್ಲ ಹುಡುಗಿಯರೇ. ಹುಡುಗರು ಎಲ್ಲಿ ಮಾಯವಾದಿರಿ? "ಮನೇಲಿ ಸಾಲ ಇದೆ, ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕರೆ ಸಾಕು" ಅಂತ ಸುಮ್ನೆ ಕೂತಿದ್ದೀರಿ, ಅಲ್ವಾ? ಒಮ್ಮೆ ಲೆಕ್ಕ ಹಾಕಿ ನೋಡಿ. ಅಲ್ಲಿನ ಹೆಚ್ಚಿನ ಸರ್ಕಾರಿ ವಿವಿಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. (ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್‌ನ ತಾಂತ್ರಿಕ ವಿವಿ (ಟಿಯುಎಂ) ಕೂಡ ಈಗ ಫೀಸ್ ಕೇಳುತ್ತದೆ.) ಖರ್ಚು ಜಾಸ್ತಿ ಬರುವುದು ಊಟ, ಬಾಡಿಗೆಗೆ. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ಖರ್ಚಿನ ದುಡ್ಡು ಮೊದಲೇ ಕಟ್ಟಿಡುವ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು. ಹೆದರಬೇಡಿ, ಅದು ನಿಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಎಪಿಎಸ್ ಸರ್ಟಿಫಿಕೇಟ್‌ಗೆ (ನಮ್ಮ ಮಾರ್ಕ್ಸ್‌ಕಾರ್ಡ್, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಮೊದಲೇ ಅರ್ಜಿ ಹಾಕಿ. ಚಳಿಗಾಲದ ಸೆಮಿಸ್ಟರ್‌ನ ಪ್ರವೇಶ ಅರ್ಜಿಗೆ ಹಲವು ಕಡೆ ಜುಲೈ 15 ಕೊನೆ, ಕೆಲವು ಕಡೆ ಇನ್ನೂ ಬೇಗ. ಆಸಕ್ತಿ ಇರುವವರು ಮಾರ್ಕ್ಸ್‌ಕಾರ್ಡ್ ಫೋಟೋ ಸಮೇತ ಈ ವಾರ ನನಗೆ ಮೆಸೇಜ್ ಮಾಡಿ. ಬ್ಯಾಕ್‌ಲಾಗ್ ಇದ್ದರೂ ಸಂಕೋಚ ಬೇಡ.