ಲಡಾಖಿಗೆ ಹೊರಡುವ ಮುನ್ನ

ಚಿ. ಅನಘಾಳಿಗೆ ಮಾವನ ಆಶೀರ್ವಾದಗಳು.

ಪತ್ರ ತಲುಪಿತು. ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಹೊಸ ಔಷಧ ಹುಡುಕುವ ಸಂಶೋಧನೆಗೆ ಸೇರಿದ ಮೊದಲ ತಿಂಗಳಲ್ಲೇ ಲಡಾಖಿನ ಮಣ್ಣು, ಕಛ್‌ನ ಉಪ್ಪುಮಣ್ಣು ಎಂದು ಪಟ್ಟಿ ಹಾಕಿಕೊಂಡಿದ್ದೀಯೆ. ಉತ್ಸಾಹ ಮೆಚ್ಚುವಂಥದ್ದೇ. ಆದರೆ ಯಾರೂ ಹೋಗದ ಜಾಗದ ಮಣ್ಣು ತಂದರೆ ಯಾರಿಗೂ ಸಿಗದ ಔಷಧ ಸಿಕ್ಕೇಬಿಡುತ್ತದೆ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಚಿಲಿ ದೇಶದ ಅಟಕಾಮಾ ಮರುಭೂಮಿಯ ಕೆಲಸವನ್ನು ಗಮನವಿಟ್ಟು ಓದು. ಅಲ್ಲಿನ ಚಾಕ್ಸಾ ಉಪ್ಪುಸರೋವರದ ಬಳಿಯ ಮಣ್ಣಿನಲ್ಲಿ ಸಿಕ್ಕ ಒಂದು ಸ್ಟ್ರೆಪ್ಟೊಮೈಸಿಸ್ (ಆ್ಯಂಟಿಬಯೋಟಿಕ್‌ಗಳಿಗೆ ಹೆಸರಾದ ಮಣ್ಣಿನ ಬ್ಯಾಕ್ಟೀರಿಯಾ) ತಳಿಯನ್ನು ಮೊದಲು ಬರಿಯ ಸಿ34 ಎಂದು ಕರೆಯುತ್ತಿದ್ದರು. ಸ್ಟ್ರೆಪ್ಟೊಮೈಸಿಸ್ ಲೀವೆನ್‌ಹೂಕಿ ಎಂಬ ನಾಮಕರಣವಾದದ್ದು 2014ರಲ್ಲಿ. ಅದಕ್ಕೂ ಮುಂಚೆ, 2011ರಲ್ಲೇ, ಅದರಿಂದ ಚಾಕ್ಸಮೈಸಿನ್‌ಗಳು ಎಂಬ ಹೊಸ ಆ್ಯಂಟಿಬಯೋಟಿಕ್ ವಸ್ತುಗಳು ಹೊರಬಂದಿದ್ದವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದೆಯಲ್ಲ, ಅದೇ ಕುಟುಂಬದವು. ಅವುಗಳಲ್ಲಿ ಚಾಕ್ಸಮೈಸಿನ್ ಡಿ, ಮೆಥಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ಗೂ ಜಗ್ಗದ ಸ್ಟ್ಯಾಫಿಲೊಕಾಕಸ್ ಎಂಬ ರೋಗಕಾರಕ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ತಡೆಯಿತು.

ನೀನು ನೋಡಬೇಕಾದದ್ದು ಇದರ ಮುಂದಿನ ಭಾಗ. ಅದೇ ತಳಿಯನ್ನು ಬೇರೆ ಬೇರೆ ಪೋಷಕ ಮಾಧ್ಯಮಗಳಲ್ಲಿ ಬೆಳೆಸಿದಾಗ ಚಾಕ್ಸಲ್ಯಾಕ್ಟಿನ್ ಎಂಬ ಮೂರು ಹೊಸ ವಸ್ತುಗಳು ಸಿಕ್ಕವು. ಜೊತೆಗೆ ಹೈಗ್ರೊಮೈಸಿನ್ ಎ ಎಂಬ ಆ್ಯಂಟಿಬಯೋಟಿಕ್ ಕೂಡ ಸಿಕ್ಕಿತು, ಅದು ಆಗಲೇ ಗೊತ್ತಿದ್ದದ್ದು! ಲೋಕದ ಅತಿ ಒಣ ನೆಲಗಳಲ್ಲೊಂದರಿಂದಲೂ ಹಳೆಯ ಸರಕು ಬಂತು, ನೋಡು. ಮುಂದೆ ಆ ತಳಿಯ ಜೀನೋಮ್ (ಇಡೀ ಜೀನ್‌ಗಳ ಸಮೂಹ) ಓದಿದಾಗ ಇಂಥ ವಸ್ತುಗಳನ್ನು ತಯಾರಿಸಬಲ್ಲ ಸುಮಾರು 35 ಜೀನ್ ಗುಚ್ಛಗಳು ಕಂಡವು. ಕೈಗೆ ಸಿಕ್ಕವು ಅದರಲ್ಲಿ ಕೆಲವು ಮಾತ್ರ. ಒಂದೇ ತಳಿಯೊಳಗೆ ಇಷ್ಟು ಬಾಕಿ ಇರುವಾಗ ಹತ್ತು ಊರಿನ ಮಣ್ಣು ಗುಡ್ಡೆ ಹಾಕಿಕೊಂಡು ಏನು ಮಾಡುತ್ತೀಯೆ?

ಹೋಗಲೇಬೇಡ ಎನ್ನುತ್ತಿಲ್ಲ. ಹೋದರೆ ಪ್ರತಿ ಚೀಲದ ಮೇಲೂ ಸ್ಥಳ, ಆಳ, ಉಷ್ಣತೆಯನ್ನು ಅಲ್ಲೇ ನಿಂತು ಬರೆ. ಮಾದರಿ ವಿದೇಶಕ್ಕೆ ಹೋಗುವ ಮಾತಿದ್ದರೆ ಜೈವಿಕ ವೈವಿಧ್ಯ ಕಾಯ್ದೆಯನ್ನು ಮೊದಲು ನೋಡಿಕೊ. ಮೂರನೆಯ ದಿನಕ್ಕೇ ತಟ್ಟೆ ತುಂಬುವ ಬ್ಯಾಸಿಲಸ್ ಎಂಬ ಬೇಗ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಮರುಳಾಗಬೇಡ. ವಾರಗಟ್ಟಲೆ ಕಾದ ಮೇಲೆ ಮೂಲೆಯಲ್ಲಿ ಪುಡಿಪುಡಿಯಾಗಿ ಏಳುವ, ಸ್ಟ್ರೆಪ್ಟೊಮೈಸಿಸ್‌ನಂಥ ಕಾಲೊನಿಯನ್ನು ಎತ್ತಿಕೊ. ಸಾರ ತೆಗೆದ ಕೂಡಲೇ ಮಾಸ್ ಸ್ಪೆಕ್ಟ್ರಮ್ (ಅಣುಗಳ ತೂಕದಿಂದ ವಸ್ತುವನ್ನು ಗುರುತಿಸುವ ಪರೀಕ್ಷೆ) ಮಾಡಿಸು. ಗೊತ್ತಿರುವ ವಸ್ತುವಾದರೆ ಅಲ್ಲಿಗೇ ಬಿಡು, ಮೋಹ ಬೇಡ.

ಇನ್ನೊಂದು ಮಾತು. ನಿನ್ನ ಗೈಡ್ ಅವರ ಡೀಪ್ ಫ್ರೀಜರಿನಲ್ಲಿ ಹಿಂದಿನ ವಿದ್ಯಾರ್ಥಿಗಳು ಬಿಟ್ಟುಹೋದ ತಳಿಗಳು ಇದ್ದೇ ಇರುತ್ತವೆ. ಲಡಾಖಿನ ಟಿಕೆಟ್ ತೆಗೆಸುವ ಮೊದಲು ಅವುಗಳಲ್ಲಿ ನಾಲ್ಕನ್ನು ಕೇಳಿ ತೆಗೆದುಕೊಂಡು ಬೇರೆ ಬೇರೆ ಮಾಧ್ಯಮಗಳಲ್ಲಿ ಬೆಳೆಸಿ ನೋಡು. ಏನು ಬಂತೆಂದು ಬರೆ. ಅಕ್ಕನಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ಮಾವ