ರೋಬೋ ಕೊಠಡಿಗೆ ಐದು ವರ್ಷ: ಒಂದಿಷ್ಟು ಥ್ಯಾಂಕ್ಸ್ ಬಾಕಿ ಇದೆ

ಹೋದ ಶನಿವಾರ ನಮ್ಮ ಶಾಲೆಯ ರೋಬೋ ಕ್ಲಬ್ಬಿನಲ್ಲಿ ನನಗೆ ಕೆಲಸವೇ ಇರಲಿಲ್ಲ. ಹೊಸದಾಗಿ ಸೇರಿದ ಆರನೇ ಕ್ಲಾಸಿನ ಮಕ್ಕಳಿಗೆ ಒಂಬತ್ತನೇ ಕ್ಲಾಸಿನವರು ಪಾಠ ಮಾಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದೆ. ಒಬ್ಬ ಪುಟ್ಟ ಹುಡುಗ ಎಲ್‌ಇಡಿಯನ್ನು ಉಲ್ಟಾ ಚುಚ್ಚಿ, "ಮಿಸ್, ಉರೀತಿಲ್ಲ" ಅಂತ ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹುಡುಗಿ, "ಉದ್ದ ಕಾಲು ಯಾವ ಕಡೆ ಇದೆ ನೋಡೋ" ಅಂದಳು. ಅವನು ತಿರುಗಿಸಿ ಚುಚ್ಚಿದ. ದೀಪ ಹತ್ತಿತು. ಆಮೇಲೆ ನನ್ನ ಕಡೆ ಯಾರೂ ನೋಡಲಿಲ್ಲ.

ಐದು ವರ್ಷದಿಂದ ನಾನು ಕಾಯುತ್ತಿದ್ದದ್ದು ಇದಕ್ಕೇ. ಕಪ್ಪು, ಪದಕ ನಮಗೆ ಅಷ್ಟಾಗಿ ಬಂದಿಲ್ಲ. ಗೋಡೆಯ ಮೇಲೆ ಎರಡೇ ಸರ್ಟಿಫಿಕೇಟು ಇವೆ, ಅದರಲ್ಲಿ ಒಂದರಲ್ಲಿ ಶಾಲೆಯ ಹೆಸರೇ ತಪ್ಪು. ಆದರೆ ನಾನಿಲ್ಲದೆಯೂ ಕ್ಲಬ್ಬು ನಡೆಯುತ್ತದೆ ಅಂತ ಮೊನ್ನೆ ಕಣ್ಣಾರೆ ನೋಡಿದೆ. ಮನೆಗೆ ಬಂದು ಲೆಕ್ಕ ಹಾಕಿದರೆ, ಇಲ್ಲಿಗೆ ತಂದು ನಿಲ್ಲಿಸಿದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ನಾನು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಿಲ್ಲ. ಅದಕ್ಕೇ ಈ ಬರಹ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿಕೊಂಡಿದ್ದಾರೆ. ಹಾಕಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತೆ.

ಮೊದಲು ನಮ್ಮ ಲ್ಯಾಬ್ ಅಟೆಂಡರ್ ಅಣ್ಣನಿಗೆ.

ಮೊದಲ ವರ್ಷ ಕಿಟ್‌ಗಳು ಬಂದಾಗ ನಾನು ಮಾಡಿದ ಮೊದಲ ಕೆಲಸ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು. ಕಳೆದರೆ, ಮುರಿದರೆ ಯಾರು ಉತ್ತರ ಕೊಡೋದು ಅನ್ನುವ ಭಯ. ಸ್ಟಾಕ್ ರಿಜಿಸ್ಟರಿನಲ್ಲಿ ಒಂದೊಂದು ಸ್ಕ್ರೂ ಬರೆದಿಟ್ಟಿದ್ದೆ. ಮಕ್ಕಳಿಗೆ ದೂರದಿಂದ ಎತ್ತಿ ತೋರಿಸಿ, "ಇದು ಸೆನ್ಸರ್, ಇದು ಮೋಟರ್" ಅಂತ ಹೇಳಿ ಒಳಗಿಡುತ್ತಿದ್ದೆ. ಎರಡು ತಿಂಗಳು ಹೀಗೇ ನಡೆಯಿತು. ಒಂದು ದಿನ ಅಣ್ಣ ಕೀಲಿ ಕೈಗೆ ಕೊಡುತ್ತಾ, "ಮೇಡಂ, ಹೊಸದಾಗೇ ಹಳೇದಾಗ್ತಾ ಇದೆ" ಅಂದರು. ಅಷ್ಟೇ. ಆ ಮಾತು ಚುಚ್ಚಿತು. ಅವತ್ತೇ ಬೀರು ತೆರೆದೆವು. ಆ ವರ್ಷ ನಾಲ್ಕು ಮೋಟರು, ಎರಡು ಸರ್ಕ್ಯೂಟ್ ಬೋರ್ಡು ಹೋದವು. ರಿಜಿಸ್ಟರಿನಲ್ಲಿ "ಕಲಿಯುವಾಗ ಹಾಳಾದದ್ದು" ಅಂತ ಒಂದು ಹೊಸ ಕಾಲಂ ಹಾಕಿದೆ. ಹೆಡ್‌ಮೇಡಂ ಅದಕ್ಕೆ ಏನೂ ಕೇಳದೆ ಸಹಿ ಹಾಕಿದರು. ಅವರಿಗೂ ಥ್ಯಾಂಕ್ಸ್. ಆ ಒಂದು ಸಹಿ ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಅವರಿಗೆ ಗೊತ್ತಿಲ್ಲ ಅನಿಸುತ್ತೆ.

ಕಂಪ್ಯೂಟರುಗಳು ಇನ್ನೂ ಬಂದಿರಲಿಲ್ಲ. ಆಗ ನಿವೃತ್ತರಾದ ಗಣಿತದ ಮೇಷ್ಟ್ರು ಒಬ್ಬರು ತಾವಾಗಿಯೇ ಬಂದರು. "ಕಂಪ್ಯೂಟರ್ ಯಾಕಮ್ಮ, ನೆಲ ಇದೆಯಲ್ಲ" ಅಂದರು. ಗಣಿತಜ್ಞ ಸೀಮೋರ್ ಪಾಪರ್ಟ್ ಮತ್ತು ಅವರ ಜೊತೆಯವರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದ್ದರಲ್ಲ, ಆಮೇಲೆ ಅದಕ್ಕೆ ನೆಲದ ಮೇಲೆ ಗೆರೆ ಎಳೆಯುತ್ತಾ ಓಡಾಡುವ 'ಆಮೆ' ರೋಬೋವೂ ಜೊತೆಯಾಯಿತು. ಮೇಷ್ಟ್ರು ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಅವನನ್ನೇ ಆಮೆ ಮಾಡಿದರು. ಉಳಿದವರು ಅವನಿಗೆ ಆಜ್ಞೆ ಬರೆದು ಕೊಡಬೇಕು. ಸಮಬಾಹು ತ್ರಿಭುಜ ಬರೆಸಿ ಅಂದರು. ಮೂರೂ ಕೋನ 60 ಡಿಗ್ರಿ ಅಂತ ಎಲ್ಲರಿಗೂ ಬಾಯಿಪಾಠ. "ಐದು ಹೆಜ್ಜೆ ನಡಿ, 60 ಡಿಗ್ರಿ ತಿರುಗು" ಅಂತ ಮೂರು ಸಲ ಬರೆದರು. ಹುಡುಗ ನಡೆದ, ತಿರುಗಿದ, ನಡೆದ. ಶುರುವಾದ ಜಾಗಕ್ಕೆ ಬರಲೇ ಇಲ್ಲ. ಸೀಮೆಸುಣ್ಣದ ಗೆರೆ ನೋಡಿದರೆ ಅರ್ಧ ಷಟ್ಕೋನ! ಪುಸ್ತಕದಲ್ಲಿ ತಪ್ಪಿದೆ ಅಂತ ಒಬ್ಬಳು ವಾದಕ್ಕೇ ನಿಂತಳು. ಮೇಷ್ಟ್ರು ಏನೂ ಹೇಳಲಿಲ್ಲ, ಅವಳನ್ನೇ ನಡೆಯಲು ಬಿಟ್ಟರು. ಮೂಲೆಯಲ್ಲಿ ನಿಂತು ಮೈ ತಿರುಗಿಸಿದಾಗ ಅವಳಿಗೆ ಹೊಳೆಯಿತು. ತಿರುಗಬೇಕಾದ್ದು ಒಳಗಿನ ಕೋನದಷ್ಟಲ್ಲ, ಹೊರಗಿನದರಷ್ಟು. 120. ನಾನು ಹನ್ನೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ, ಬಾಹ್ಯಕೋನ ಅಂದರೆ ಏನು ಅಂತ ನನ್ನ ಕಾಲಿಗೂ ಗೊತ್ತಾಗಿದ್ದು ಅವತ್ತೇ. ಸರ್, ನೀವು ಆ ವರ್ಷ ಒಂದು ಶನಿವಾರವೂ ತಪ್ಪಿಸಲಿಲ್ಲ.

ಇನ್ನು ನಮ್ಮ ರಿಪೇರಿ ಮಾಮ. ಮಕ್ಕಳು ಇಟ್ಟ ಹೆಸರು ಅದು. ಟಿವಿ, ಮಿಕ್ಸಿ ರಿಪೇರಿ ಮಾಡುವವರು, ಶಾಲೆಗೆ ಯಾವುದೋ ಸ್ಪೀಕರ್ ಸರಿಮಾಡಲು ಬಂದವರು ನಮ್ಮ ಕೊಠಡಿಯ ಗಲಾಟೆ ಕೇಳಿ ಇಣುಕಿದರು.

ಗಲಾಟೆಗೆ ಕಾರಣ ಇತ್ತು. ನಮ್ಮ ರೋಬೋ ಗಾಡಿ ಮೇಜಿನ ಮೇಲೆ ಎತ್ತಿಹಿಡಿದರೆ ಚೆನ್ನಾಗಿ ಚಕ್ರ ತಿರುಗಿಸುತ್ತಿತ್ತು. ನೆಲಕ್ಕೆ ಬಿಟ್ಟರೆ ಒಂದು ಜರ್ಕ್ ಹೊಡೆದು ನಿಲ್ಲುತ್ತಿತ್ತು. ಮತ್ತೆ ಜರ್ಕ್, ಮತ್ತೆ ನಿಲ್ಲು. ಮೂರು ವಾರ ನಾವು ಪ್ರೋಗ್ರಾಂ ತಿದ್ದಿದ್ದೇ ತಿದ್ದಿದ್ದು. ಪ್ರತಿ ಸಾಲೂ ಮೂರು ಸಲ ಓದಿದ್ದೆವು. ಮಾಮ ಪ್ರೋಗ್ರಾಂ ಕಡೆ ತಲೆಯೇ ಹಾಕಲಿಲ್ಲ. ಮಲ್ಟಿಮೀಟರಿನ ಎರಡು ಕಡ್ಡಿಯನ್ನು ಬ್ಯಾಟರಿಗೆ ಹಿಡಿದು, "ಈಗ ಬಿಡು" ಅಂದರು. ಒಂಬತ್ತು ವೋಲ್ಟ್ ತೋರಿಸುತ್ತಿದ್ದ ಮೀಟರು, ಚಕ್ರಕ್ಕೆ ಭಾರ ಬಿದ್ದ ಕೂಡಲೇ ಐದಕ್ಕೆ ಕುಸಿಯಿತು. "ಇದು ರಿಮೋಟಿಗೆ, ಗಡಿಯಾರಕ್ಕೆ ಆಗೋ ಬ್ಯಾಟರಿ ಜಾತಿ. ಗಾಡಿ ಎಳೆಯೋಕೆ ಇದಕ್ಕೆ ದಮ್ಮಿಲ್ಲ" ಅಂದರು. ಮೋಟರ್ ಹೊರಡುವಾಗ ಜಾಸ್ತಿ ಕರೆಂಟು ಎಳೆಯುತ್ತದೆ, ವೋಲ್ಟೇಜ್ ಬೀಳುತ್ತದೆ, ಗಾಡಿಗೆ ಮಿದುಳಿನಂತಿರುವ ಬೋರ್ಡಿಗೆ ತಲೆಸುತ್ತು ಬಂದು ರೀಸೆಟ್ ಆಗುತ್ತದೆ, ಮತ್ತೆ ಎದ್ದು ಮೋಟರ್ ಓಡಿಸಲು ನೋಡುತ್ತದೆ. ಅದೇ ಆ ಜರ್ಕು. ಸಾಲದ್ದಕ್ಕೆ ನಾವು ಬಳಸುತ್ತಿದ್ದ, ಮೋಟರಿಗೆ ಕರೆಂಟು ಹಾಯಿಸುವ ಎಲ್298ಎನ್ ಡ್ರೈವರ್ ಬೋರ್ಡು ತನ್ನ ಪಾಲಿಗೆ ಇನ್ನೆರಡು ವೋಲ್ಟ್ ನುಂಗುತ್ತಿತ್ತು. 18650 ಅನ್ನುವ, ಜಾಸ್ತಿ ಕರೆಂಟು ಕೊಡುವ ಎರಡು ಲಿಥಿಯಂ ಸೆಲ್ ಹಾಕಿದೆವು, ಗಾಡಿ ಗೋಡೆಗೆ ಹೋಗಿ ಗುದ್ದಿತು. ಮಕ್ಕಳು ಕುಣಿದರು. ಗೋಡೆಯ ಮೇಲೆ ಆ ಗುರುತು ಇನ್ನೂ ಇದೆ, ಸುಣ್ಣ ಬಳಿಯುವಾಗ ಅದನ್ನು ಬಿಟ್ಟು ಬಳಿಯಿರಿ ಅಂತ ಹೇಳಿದ್ದೇವೆ.

ಮಾಮ, ನೀವು ಕಲಿಸಿದ ಕ್ರಮವನ್ನೇ ಈಗ ಕೊಠಡಿಯ ಬಾಗಿಲಲ್ಲಿ ಬರೆದಿದ್ದಾರೆ: ಮೊದಲು ಬ್ಯಾಟರಿ, ಆಮೇಲೆ ಗ್ರೌಂಡ್ (ಮೈನಸ್ ಕಡೆಯ ಜೋಡಣೆ), ಆಮೇಲೆ ವೈರು, ಕೊನೆಗೆ ಪ್ರೋಗ್ರಾಂ. ಬೋರ್ಡಿನ ಗ್ರೌಂಡೂ ಡ್ರೈವರಿನ ಗ್ರೌಂಡೂ ಸೇರಿಸುವುದನ್ನು ಮರೆತು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಪ್ರತಿ ವರ್ಷ ಇಬ್ಬರಾದರೂ ಇರುತ್ತಾರೆ. ಈಗ ಅವರನ್ನು ಸುಮ್ಮನೆ ಬಾಗಿಲ ಹತ್ತಿರ ಕಳಿಸಿದರೆ ಆಯಿತು.

ಕಿಟ್ ಕೊಟ್ಟವರಿಗೂ ಥ್ಯಾಂಕ್ಸ್ ಹೇಳಬೇಕು, ಹೇಳುತ್ತೇನೆ. ಅವರು ಕೊಡದಿದ್ದರೆ ಶುರುವೇ ಆಗುತ್ತಿರಲಿಲ್ಲ. ಫೋಟೋ ತೆಗೆಸಿಕೊಂಡು ಹೋದವರು ಮತ್ತೆ ಬರಲಿಲ್ಲ, ಇರಲಿ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಕಿಟ್ ಕೊಡೋಕೆ ಜನ ಸಿಗುತ್ತಾರೆ. ಬಿಡಿಭಾಗ ಜೋಡಿಸುವ ಜಂಪರ್ ವೈರ್ ಕೊಡೋಕೆ ಯಾರೂ ಇಲ್ಲ. ರೋಬೋ ಕ್ಲಬ್ಬಿಗೆ ವರ್ಷವಿಡೀ ಬೇಕಾಗುವುದು ಇಂಥ ಚಿಲ್ಲರೆ ಸಾಮಾನೇ: ವೈರು, ಸೆಲ್ಲು, ಹಲ್ಲು ಸವೆದ ಗೇರ್ ಮೋಟರಿಗೆ ಬದಲಿ, ಬೆಸುಗೆ ತಂತಿ, ಕಳೆದುಹೋದ ಎಂ3 ನಟ್ಟು. ಹಳೇ ವಿದ್ಯಾರ್ಥಿ ಒಬ್ಬಳು ಇದನ್ನು ಅರ್ಥಮಾಡಿಕೊಂಡಳು. ಮೂರು ವರ್ಷದಿಂದ ಪ್ರತಿ ತಿಂಗಳು, "ಮಿಸ್, ಏನು ಖಾಲಿಯಾಗಿದೆ?" ಅಂತ ಒಂದೇ ಸಾಲಿನ ಮೆಸೇಜು. ನಾನು ಪಟ್ಟಿ ಕಳಿಸುತ್ತೇನೆ, ವಾರದಲ್ಲಿ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ. ಹೆಸರಿನ ಬೋರ್ಡು ಬೇಡ, ಫಲಕ ಬೇಡ. ಪುಟ್ಟಿ, ನಿನ್ನ ಪೆಟ್ಟಿಗೆಗಳ ಮೇಲೆ ಈ ಕ್ಲಬ್ಬು ನಡೆಯುತ್ತಿದೆ.

ನೋಡದೇ ಇರುವ ಕೆಲವರಿಗೂ ಋಣ ಇದೆ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ಮಾಡಿದವರು ಅದರ ನಕ್ಷೆಯನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಅದಕ್ಕೇ ಇವತ್ತು ನಮ್ಮಂಥವರ ಕೈಗೂ ಅದು ಸಿಗುತ್ತದೆ, ಅಲ್ವಾ? ಮಕ್ಕಳು ಪ್ರೋಗ್ರಾಂ ಬರೆಯಲು ಕಲಿಯುವ ಸ್ಕ್ರ್ಯಾಚ್ ಅನ್ನು 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಉಚಿತವಾಗಿ ಬಿಟ್ಟರು. ನಮ್ಮ ಆರನೇ ಕ್ಲಾಸಿನವರು ಶುರುಮಾಡುವುದೇ ಅಲ್ಲಿಂದ.

ಮೂರನೇ ವರ್ಷದ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯದೇ ಇದ್ದರೆ ಥ್ಯಾಂಕ್ಸ್ ಅರ್ಧ ಆಗುತ್ತದೆ.

ತಪ್ಪು ನನ್ನದು. ಚಾರ್ಜ್ ಆದ ಲಿಥಿಯಂ ಸೆಲ್ಲುಗಳನ್ನು ಒಂದು ಪೆನ್ಸಿಲ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ, ಅದೇ ಡಬ್ಬಿಯಲ್ಲಿ ತುಂಡು ವೈರುಗಳೂ ಇದ್ದವು. ತಗಡಿನ ಡಬ್ಬಿ ಬೇರೆ. ಒಂದು ವೈರು ಎರಡು ಕೊನೆಗೂ ತಾಗಿರಬೇಕು. ಹೊಗೆ ಬಂತು. ಎತ್ತಿ ಹೊರಗೆಸೆಯಲು ಹೋದ ಹುಡುಗನ ಎರಡು ಬೆರಳಿಗೆ ಬೊಬ್ಬೆ ಬಂತು. ದೊಡ್ಡದೇನೂ ಆಗಲಿಲ್ಲ. ಆದರೆ ಆಗಬಹುದಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪೋಷಕರ ಸಭೆ ಕರೆದರು. ಕ್ಲಬ್ಬು ಮುಚ್ಚಿ ಅಂದವರೇ ಜಾಸ್ತಿ. ಅವರ ಸಿಟ್ಟು ತಪ್ಪು ಅಂತ ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಅನಿಸುವುದಿಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ. ಆಗ ಆ ಹುಡುಗನ ಅಪ್ಪ ಎದ್ದು ನಿಂತರು. ನಾನು ಕೊನೆಯ ಏಟಿಗೆ ಸಿದ್ಧಳಾದೆ. ಅವರು ಹೇಳಿದ್ದು ಇಷ್ಟು: "ಬೆರಳು ಸುಟ್ಟಿದ್ದು ನನ್ನ ಮಗನದು. ಅವನು ಬರೋ ಶನಿವಾರವೂ ಬರ್ತಾನೆ. ಆದ್ರೆ ಮೇಡಂ, ಬ್ಯಾಟರಿ ಇಡೋಕೆ ಸರಿಯಾದ ಪೆಟ್ಟಿಗೆ ಮಾಡಿ. ಮಾಡೋಕೆ ನಾನೇ ಬರ್ತೀನಿ." ಅವರು ಬಡಗಿ. ಬಂದರು. ಪ್ರತಿ ಸೆಲ್ಲಿಗೂ ಬೇರೆ ಬೇರೆ ಗೂಡಿರುವ ಪೆಟ್ಟಿಗೆ ಮಾಡಿ ಕೊಟ್ಟರು. ಅದಾದ ಮೇಲೆ ಅಂಚಿಗೆ ಪಟ್ಟಿ ಹೊಡೆದ ಎರಡು ದೊಡ್ಡ ಮೇಜು, ಗಾಡಿ ಬೀಳದ ಹಾಗೆ. ಹತ್ತಿರ ಒಂದು ಬಕೆಟ್ ಮರಳು ಇಟ್ಟೆವು. ಚಾರ್ಜರ್ ಹಾಕಿದವರು ಅದು ಮುಗಿಯುವ ತನಕ ಪಕ್ಕದಲ್ಲೇ ಇರಬೇಕು ಅಂತ ನಿಯಮ ಮಾಡಿದೆವು. ಬೆಸುಗೆ ಹಾಕುವವರಿಗೆ ಕನ್ನಡಕ ಬಂತು. ಅಣ್ಣಾ, ನೀವು ಅವತ್ತು ಏಳದೇ ಇದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಆ ಗಲಾಟೆ ಆದಮೇಲೆ ಹೆಣ್ಣುಮಕ್ಕಳು ಬರುವುದು ಕಡಿಮೆಯಾಯಿತು. ಸಂಜೆ ತಡವಾಗುತ್ತೆ ಅನ್ನುವುದು ಇನ್ನೊಂದು ಕಾರಣ. ಅವರಲ್ಲಿ ಒಬ್ಬಳ ಅಮ್ಮ, "ನಾನು ಬಂದು ಕೂತ್ಕೋತೀನಿ, ಎಲ್ಲರೂ ಕಳಿಸಿ" ಅಂತ ಮನೆಮನೆಗೆ ಹೇಳಿ ಬಂದರು. ಹೊಲಿಗೆ ಮಾಡುವವರು. ಕೂತಲ್ಲಿ ಕೈ ಸುಮ್ಮನಿರಲಿಲ್ಲ. ನಮ್ಮ ಗಾಡಿಯ ವೈರುಗಳು ಕಾಗೆ ಗೂಡಿನ ಹಾಗಿದ್ದದ್ದನ್ನು ನೋಡಲಾರದೆ, ದಾರ ತೆಗೆದು ಗಂಟು ಹಾಕುತ್ತಾ ಸಾಲಾಗಿ ಕಟ್ಟಿಬಿಟ್ಟರು. ಮಕ್ಕಳು ನಕ್ಕರು. ಮಂಗಳದ ಮೇಲೆ ಓಡಾಡುತ್ತಿರುವ ನಾಸಾದ ಕ್ಯೂರಿಯಾಸಿಟಿ ರೋವರಿನಲ್ಲೂ ವೈರುಗಳನ್ನು ಹೀಗೇ ಗಂಟು ಹಾಕಿ ಕಟ್ಟಿದ್ದಾರೆ ಅಂತ ಫೋಟೋ ತೋರಿಸಿದೆ. ನಗು ನಿಂತಿತು. ಮುಂದಿನ ವಾರ ಆರು ಜನ ಅವರ ಸುತ್ತ ಗಂಟು ಕಲಿಯುತ್ತಿದ್ದರು, ಅದರಲ್ಲಿ ನಾಲ್ಕು ಹುಡುಗರು.

ಸ್ಪರ್ಧೆಗಳ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಹೋದೆವು, ಸೋತೆವು, ಬಂದೆವು. ಒಂದು ಸಲ ಗೆರೆ ಹಿಡಿದು ಓಡುವ ಗಾಡಿ ನಮ್ಮ ಕೊಠಡಿಯಲ್ಲಿ ಚಿನ್ನದಂತೆ ಓಡಿ, ಅಲ್ಲಿ ಕಿಟಕಿ ಪಕ್ಕದ ತಿರುವಿನಲ್ಲಿ ದಾರಿ ತಪ್ಪಿತು. ನಮ್ಮ ಸೆನ್ಸರು ಗೆರೆ ನೋಡುವುದು ಇನ್‌ಫ್ರಾರೆಡ್ ಅನ್ನುವ ಕಣ್ಣಿಗೆ ಕಾಣದ ಬೆಳಕಿನಲ್ಲಿ, ಅದು ಬಿಸಿಲಿನಲ್ಲೂ ಇದೆಯಲ್ಲ, ಸೆನ್ಸರಿಗೆ ಕಪ್ಪೂ ಬಿಳಿಯೂ ಒಂದೇ ಆಯಿತು. ಹುಡುಗರು ಸೀಮೆಸುಣ್ಣದ ರಟ್ಟಿನ ಡಬ್ಬಿ ಹರಿದು ಸೆನ್ಸರಿಗೆ ಕೊಡೆ ಮಾಡಿದರು. ಅಷ್ಟರಲ್ಲಿ ಡ್ರೈವರ್ ಬೋರ್ಡು ಸುಟ್ಟಿತು. ಪಕ್ಕದ ಮೇಜಿನ ತಂಡದ ಹುಡುಗಿ ತಮ್ಮ ಬದಲಿ ಬೋರ್ಡನ್ನು ತಂದು ಕೈಗಿಟ್ಟಳು. ಆ ಸುತ್ತಿನಲ್ಲಿ ನಾವು ಅವರಿಗಿಂತ ಮೇಲೆ ಬಂದೆವು. ಅಮೆರಿಕದ ಸಂಶೋಧಕ ಡೀನ್ ಕೇಮನ್ 1989ರಲ್ಲಿ ಶುರುಮಾಡಿದ, ಮಕ್ಕಳಿಗೆ ರೋಬೋ ಸ್ಪರ್ಧೆ ನಡೆಸುವ ಫಸ್ಟ್ ಸಂಸ್ಥೆಯಲ್ಲಿ ಇಂಥ ನಡತೆಗೆ 'ಗ್ರೇಷಿಯಸ್ ಪ್ರೊಫೆಷನಲಿಸಂ' ಅನ್ನುತ್ತಾರೆ, ವುಡಿ ಫ್ಲವರ್ಸ್ ಅನ್ನುವ ಮೇಷ್ಟ್ರು ಹಬ್ಬಿಸಿದ ಮಾತು. ಆ ಹುಡುಗಿ ಅದನ್ನು ಕೇಳಿದ್ದಳೋ ಇಲ್ಲವೋ. ಬೋರ್ಡು ವಾಪಸ್ ಕೊಡುವಾಗ ಅವಳ ಹೆಸರು ಕೇಳುವುದನ್ನೇ ಮರೆತೆವು. ಇದನ್ನು ಓದಿದರೆ ತಿಳಿಸಮ್ಮ, ನಮ್ಮ ಮಕ್ಕಳು ನಿನಗಾಗಿ ಏನೋ ಮಾಡಿಟ್ಟಿದ್ದಾರೆ.

ತಮ್ಮ ಪೀರಿಯಡ್ ಬಿಟ್ಟುಕೊಟ್ಟ ಸಹೋದ್ಯೋಗಿಗಳಿಗೆ, ಶನಿವಾರ ಅಂದರೆ ನಾನು ಮನೆಯಲ್ಲಿಲ್ಲ ಅಂತ ಒಪ್ಪಿಕೊಂಡ ನಮ್ಮ ಮನೆಯವರಿಗೆ, ಥ್ಯಾಂಕ್ಸ್. ನನ್ನ ಮಗಳಿಗೆ ಸ್ವಲ್ಪ ಸಿಟ್ಟಿದೆ, ಅವಳಿಗೆ ಬೇರೆ ಕೂತು ಹೇಳುತ್ತೇನೆ.

ಮುಂದಿನ ಶನಿವಾರದ ಕೆಲಸ ಬೋರ್ಡಿನ ಮೇಲೆ ಮಕ್ಕಳೇ ಬರೆದಿಟ್ಟು ಹೋಗಿದ್ದಾರೆ. "ಎಡ ಚಕ್ರ ಇನ್ನೂ ನಿಧಾನ." ಒಂದೇ ಪೆಟ್ಟಿಗೆಯಿಂದ ಬಂದ ಎರಡು ಮೋಟರು ಒಂದೇ ವೇಗದಲ್ಲಿ ತಿರುಗಲ್ಲ ಅನ್ನುವುದು ಪ್ರತಿ ಹೊಸ ತಂಡಕ್ಕೂ ಹೊಸ ಆಘಾತ. ಅದರ ಕೆಳಗೆ ಬೇರೆ ಕೈಬರಹದಲ್ಲಿ, ಚಕ್ರ ಎಷ್ಟು ತಿರುಗಿತು ಅಂತ ಅಳೆಯುವ ಸೆನ್ಸರಿನ ಹೆಸರು ಹಾಕಿ, "ಎನ್‌ಕೋಡರ್ ಬೇಕು, ಪೆಟ್ಟಿಗೆ ಅಕ್ಕನಿಗೆ ಹೇಳಿ."

ಹೇಳಿದ್ದೇನೆ. ಇದನ್ನು ಆ ಕೊಠಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಶಾಲೆ ಖಾಲಿಯಾಗಿದೆ, ಅಟೆಂಡರ್ ಅಣ್ಣ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. ಚಾರ್ಜರಿನಲ್ಲಿ ನಾಲ್ಕು ಸೆಲ್ ಇವೆ, ಮೂರಕ್ಕೆ ಹಸಿರು ದೀಪ ಬಂದಿದೆ. ಒಂದು ಇನ್ನೂ ಕೆಂಪು. ಅದು ಮುಗಿಯುವ ತನಕ ನಾನು ಏಳುವ ಹಾಗಿಲ್ಲ.