ಹಾಸಿಗೆ ಎಣಿಸಿ ನರ್ಸ್ ಕೊಡಬೇಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಹೊಟ್ಟೆಯ ಕಾಯಿಲೆ ಜೋರಾದವರನ್ನು ಇಡುವ ವಾರ್ಡು ನಮ್ಮದು. ಹುಣ್ಣಿನಿಂದ ರಕ್ತ ಹೋಗುತ್ತಿರುವವರು, ಜಠರದ ಕ್ಯಾನ್ಸರಿಗೆ ಆಪರೇಷನ್ ಆದವರು ಇಲ್ಲಿರುತ್ತಾರೆ. ನಮಗೆ ನರ್ಸುಗಳನ್ನು ಕೊಡುವುದು ಹಾಸಿಗೆ ಲೆಕ್ಕದಲ್ಲಿ: ನಾಳೆ ಮನೆಗೆ ಹೋಗುವವರೂ ಒಂದು ಹಾಸಿಗೆ, ರಕ್ತ ವಾಂತಿ ಮಾಡುತ್ತಿರುವವರೂ ಒಂದು ಹಾಸಿಗೆ. ನನ್ನ ತಕರಾರು ಇರುವುದು ಈ ಲೆಕ್ಕದ ಮೇಲೆ.

ಹುಣ್ಣಿನ ರಕ್ತ ಯಾವಾಗಲೂ ಕೆಂಪಗೆ ಕಾಣಿಸುವುದಿಲ್ಲ. ಜಠರದ ಆಮ್ಲಕ್ಕೆ ಸಿಕ್ಕಿದ್ದು ವಾಂತಿಯಲ್ಲಿ ಕಾಫಿ ಗಸಿಯ ಹಾಗೆ ಬರುತ್ತದೆ. ಮಲ ಕಪ್ಪಾಗುತ್ತದೆ. ಕಬ್ಬಿಣದ ಮಾತ್ರೆ ತಿಂದರೂ ಕಪ್ಪಾಗುತ್ತದೆ, ನಿಜ. ಆದರೆ ರಕ್ತದ್ದಾದರೆ ಅಂಟಂಟು, ನಾತವೇ ಬೇರೆ. ಬೆಡ್‌ಪ್ಯಾನ್ ತೆಗೆಯುವವರಿಗೆ ಗೊತ್ತಾಗುವ ವಿಷಯ ಇದು, ಮಾನಿಟರ್ ಹೇಳುವುದಿಲ್ಲ. ಬಿಪಿಯೊಂದನ್ನೇ ನಂಬಿ ಕೂತರೂ ಕಷ್ಟ. ಸಾಮಾನ್ಯವಾಗಿ ಮೊದಲು ನಾಡಿ ಜಾಸ್ತಿಯಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ಕಡಿಮೆಯಾಗುತ್ತದೆ. ಬಿಪಿ ಬೀಳುವ ಹೊತ್ತಿಗೆ ತುಂಬಾ ರಕ್ತ ಹೋಗಿರುತ್ತದೆ. ಗಂಟೆಗಂಟೆಗೂ ಬರೆದಿಟ್ಟರೆ ತಾನೇ 88 ಇದ್ದ ನಾಡಿ 96 ಆಗಿ, ಆಮೇಲೆ 112 ಆಯಿತೆಂದು ತಿಳಿಯುವುದು?

ಹುಣ್ಣು ತೂತಾದವರು ಎಷ್ಟೋ ಸಲ ಅಲುಗಾಡದೆ ಮಲಗಿಬಿಡುತ್ತಾರೆ, ಅಲುಗಿದರೆ ನೋವು ಜಾಸ್ತಿ. ಬಾಗಿಲಲ್ಲಿ ನಿಂತು ನೋಡಿದರೆ ನಿದ್ದೆ ಅನ್ನಿಸುತ್ತದೆ. ಹತ್ತಿರ ಹೋಗಿ ಮುಟ್ಟಿದರೆ ಹೊಟ್ಟೆ ಬಿಗಿದುಕೊಂಡಿರುತ್ತದೆ. ವಯಸ್ಸಾದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಆ ಬಿಗಿತವೂ ಕಾಣದಿರಬಹುದು.

ಇನ್ನು ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಜಠರಕ್ಕೆ ಇಳಿಸುವ ನಳಿಕೆ. ಅದರ ತುದಿ ಶ್ವಾಸಕೋಶದಲ್ಲಿದ್ದರೆ ಹಾಕಿದ ಆಹಾರವೂ ಅಲ್ಲಿಗೇ. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಕೇಳುವ ಹಳೇ ರೂಢಿ ನಂಬುವಂಥದ್ದಲ್ಲ. ಟ್ಯೂಬಿನಿಂದ ಎಳೆದ ರಸದ ಪಿಎಚ್ (ಆಮ್ಲದ ಅಳತೆ, ಕಡಿಮೆಯಿದ್ದಷ್ಟೂ ಆಮ್ಲ ಜಾಸ್ತಿ) 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಸಂಶಯವಿದ್ದರೆ ಎಕ್ಸ್‌ರೇ. ಪಿಎಚ್ ಪಟ್ಟಿ ಅಂಥ ದುಬಾರಿ ಸಾಮಾನೇನಲ್ಲ. ಅದಕ್ಕೂ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿ ಕಾಯುತ್ತೇವೆ.

ಪ್ರತಿ ಪಾಳಿಗೂ ರೋಗಿಗಳ ಸ್ಥಿತಿ ನೋಡಿ ನರ್ಸುಗಳನ್ನು ಹಾಕಬೇಕೆಂದು ಆದೇಶ ಹೊರಡಿಸಿ. ರಾತ್ರಿ ಪಾಳಿಗಂತೂ ಬೇಕೇ ಬೇಕು. ರಕ್ತ ಹೋಗುವುದಕ್ಕೆ ಹಗಲು ರಾತ್ರಿ ಇಲ್ಲ, ಅಲ್ವಾ? ನಾಡಿ, ಬಿಪಿ ಇಂತಿಷ್ಟು ದಾಟಿದರೆ ನರ್ಸ್ ನೇರವಾಗಿ ಹಿರಿಯ ಡಾಕ್ಟರನ್ನು ಕರೆಯಬಹುದು ಎಂದೂ ಅದರಲ್ಲೇ ಬರೆಸಿ. "ಸುಮ್ನೆ ಯಾಕೆ ಎಬ್ಬಿಸಿದ್ರಿ" ಅನ್ನಿಸಿಕೊಳ್ಳಬೇಕಾಗುತ್ತದೆ ಎಂದು ಹೆದರಿ, ಇನ್ನೊಂದು ಸಲ ನೋಡೋಣ ಎಂದು ಕಾಯುವ ಹೊಸಬರು ನಮ್ಮಲ್ಲಿದ್ದಾರೆ. ಕರಡು ಸಿದ್ಧಪಡಿಸುವಾಗ ರಾತ್ರಿ ಪಾಳಿ ಮಾಡುವ ನಮ್ಮಂಥವರನ್ನೂ ಕರೆಸಿ. ಬರುತ್ತೇವೆ.

ಇಂತಿ,
ಒಬ್ಬ ಸ್ಟಾಫ್ ನರ್ಸ್